ಡಿಸ್ಕು ಕಾಣದಾದಾಗ

2005ರ ಜುಲೈ 26ರ ಮಳೆಯನ್ನು ಮುಂಬಯಿಯ ವಾಚಕರು ಮರೆತಿರಲಾರರು. ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್! ಭಾಂಡುಪಿನ ನಮ್ಮ ಮನೆಯೊಳಗೂ ನೀರು ನುಗ್ಗಿ ಭಾವಚಿತ್ರಗಳ ಆಲ್ಬಮ್ಮುಗಳು ಮುದ್ದೆಯಾದವು. ಒಣಗಿಸಿ ಉಳಿಸಿಕೊಂಡವನ್ನು ಸ್ಕ್ಯಾನ್ ಮಾಡಿಸಿ ಒಂದು ಹಾರ್ಡ್ ಡಿಸ್ಕಿನಲ್ಲಿ ಇರಿಸಿದೆವು. ನಮ್ಮ ತೀರ್ಥರೂಪರು ಹೋಟೆಲಿನ ದುಡಿಮೆ ಮುಗಿಸಿ ಓದಿದ ರಾತ್ರಿಶಾಲೆಯ ಪಟವೂ ಅದರಲ್ಲಿತ್ತು. ಬೇರೆ ಪ್ರತಿ ಇರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯುಸ್ಸು ತೀರಿತಷ್ಟೆ. ನಮ್ಮ ಹಳೆಯ ಕಂಪ್ಯೂಟರಿಗೆ 11 ಒಗ್ಗದು. ಮಗ ಲಿನಕ್ಸ್ ಹಾಕಿಕೊಟ್ಟ. ಮುದಿ ಎತ್ತಿಗೆ ಹರೆಯ ಬಂದಂತಾಯಿತು. ಆದರೆ ಡಿಸ್ಕನ್ನು ಜೋಡಿಸಿದರೆ ಅದರ ಸುಳಿವೇ ಇಲ್ಲ!

ಕಂಪ್ಯೂಟರಿಗೆ ಡಿಸ್ಕು ಕಾಣುತ್ತಲೇ ಇಲ್ಲವೋ, ಕಂಡೂ ತೆರೆಯಲಾಗುತ್ತಿಲ್ಲವೋ? ಇವೆರಡೂ ಬೇರೆ ಬೇರೆ ಕಾಯಿಲೆಗಳು. ಟರ್ಮಿನಲ್ಲಿನಲ್ಲಿ 'ಎಲ್‌ಎಸ್‌ಬಿಎಲ್‌ಕೆ' ಎಂಬ ಐದು ಸಣ್ಣಕ್ಷರಗಳನ್ನು ಇಂಗ್ಲಿಷಿನಲ್ಲಿ ಒತ್ತಿದರೆ ಕಂಪ್ಯೂಟರಿಗೆ ಕಂಡ ಡಿಸ್ಕುಗಳ ಪಟ್ಟಿ ಬರುತ್ತದೆ. ನಮಗೆ ಬಂದ ಪಟ್ಟಿಯಲ್ಲಿ ಒಳಗಿನ ಡಿಸ್ಕು ಮಾತ್ರವೇ ಇದ್ದಿತು. ಇಂತಹಲ್ಲಿ ಮೊದಲು ಸಂಶಯಪಡಬೇಕಾದುದು ಕೇಬಲನ್ನು. ಬೇರೊಂದು ಕೇಬಲ್ ತಂದು, ಹಬ್ಬಿನ ಗೊಡವೆ ಬಿಟ್ಟು, ಕಂಪ್ಯೂಟರಿನ ಹಿಂಬದಿಗೇ ಚುಚ್ಚಿದೆವು. ಪಟ್ಟಿಯಲ್ಲಿ 'ಎಸ್‌ಡಿಬಿ' ಎಂಬ ಹೊಸ ಸಾಲು ಮೂಡಿತು, 931.5 ಜಿ. (ಒಂದು ಟಿಬಿಗೆ ಹಣ ತೆತ್ತವರು ಗಾಬರಿಪಡಬೇಕಿಲ್ಲ. ಮಾರುವವರು ಸಾವಿರದಿಂದ ಎಣಿಸುತ್ತಾರೆ, ಕಂಪ್ಯೂಟರು 1024ರಿಂದ.)

ಆದರೂ ತೆರೆಯಲೊಲ್ಲದು. ನೆರೆಮನೆಯವರು ನೋಡಿ, "ಫಾರ್ಮ್ಯಾಟ್ ಮಾಡಿಬಿಡಿ, ಸರಿಹೋಗುತ್ತದೆ" ಎಂದರು. ಸರಿಹೋಗುವುದು ಡಿಸ್ಕು, ಹೋಗುವುದು ಪಟಗಳು! ಬೇಡವೆಂದೆವು.

'ಸುಡೋ ಡಿಮೆಸ್ಜಿ' ಎಂದು ಕೇಳಿದರೆ ಲಿನಕ್ಸ್ ತನ್ನ ದಿನಚರಿಯನ್ನೇ ಓದಿ ಹೇಳುತ್ತದೆ. ಎನ್‌ಟಿಎಫ್‌ಎಸ್ ಭಾಗವು 'ಡರ್ಟಿ' ಎಂದು ಅದರಲ್ಲಿ ಬರೆದಿತ್ತು. ತಪ್ಪು ನಮ್ಮದೇ. ಕಡೆಯ ಸಲ ವಿಂಡೋಸಿನಲ್ಲಿ 'ಇಜೆಕ್ಟ್' ಒತ್ತದೆ ಡಿಸ್ಕನ್ನು ಕಿತ್ತಿದ್ದೆವು. ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಎಂಬುದರಿಂದಲೂ ಹೀಗಾಗುವುದುಂಟು. ಆಗ ಕಂಪ್ಯೂಟರು ಆರಿದಂತೆ ಕಂಡರೂ ಅರೆನಿದ್ರೆಯಲ್ಲಿರುತ್ತದೆ. ಫಾರ್ಮ್ಯಾಟಿನ ಸಲಹೆ ಕೊಟ್ಟವರ ವಿಂಡೋಸ್ ಕಂಪ್ಯೂಟರಿಗೇ ಡಿಸ್ಕನ್ನು ಜೋಡಿಸಿ, ದೋಷಪರೀಕ್ಷೆ ನಡೆಸಿ, ಕ್ರಮವಾಗಿ ಇಜೆಕ್ಟ್ ಮಾಡಿ ತಂದೆವು. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಇದಾವುದನ್ನೂ ಮಾಡದೆ, ಕೂಡಲೇ ತೆಗೆದು ಬಲ್ಲವರಿಗೆ ಒಪ್ಪಿಸಬೇಕು.

ಡಿಸ್ಕು ತೆರೆಯಿತು. ಅಂದಿನ ರಾತ್ರಿಯೇ ಇನ್ನೊಂದು ಪ್ರತಿ ತೆಗೆದು ಡೊಂಬಿವಲಿಯ ತಂಗಿಯ ಮನೆಗೆ ಕಳುಹಿಸಲು ಕಟ್ಟಿಟ್ಟೆವು. ಮಾತೃಶ್ರೀಯವರು ಕನ್ನಡಕ ಏರಿಸಿಕೊಂಡು ರಾತ್ರಿಶಾಲೆಯ ಪಟವನ್ನು ಬಹಳ ಹೊತ್ತು ನೋಡಿ, "ಎರಡನೆಯ ಸಾಲಿನವರ ಹೆಸರು ತಪ್ಪು ಬರೆದಿದ್ದೀ ಮಗಾ, ಅದು ಅವರಲ್ಲ, ಅವರ ತಮ್ಮ" ಎಂದರು. ಕಟ್ಟಿದ್ದ ಪೊಟ್ಟಣವನ್ನು ಬಿಚ್ಚಿ, ಎರಡು ಪ್ರತಿಗಳಲ್ಲಿಯೂ ತಿದ್ದಿದೆವು.