ಪ್ರದರ್ಶನದಲ್ಲಿ ಮಳಿಗೆ ಹಿಡಿಯುವುದಕ್ಕೆ ಮುಂಚೆ

ವಸ್ತುಪ್ರದರ್ಶನಗಳಿಂದ ಬೆಳೆಗಾರರಿಗೆ ಪ್ರಯೋಜನವುಂಟೆಂಬುದು ಈ ಸೀಮೆಗೆ ಹೊಸ ಮಾತಲ್ಲ. ಮೈಸೂರಿನ ದಸರಾ ವಸ್ತುಪ್ರದರ್ಶನವು ಚಾಮರಾಜೇಂದ್ರ ಒಡೆಯರವರ ಕಾಲದಲ್ಲಿಯೇ ಮೊದಲಾಯಿತು. ಆದರೆ ಪ್ರದರ್ಶನವೆಂಬ ಹೆಸರುಳ್ಳವೆಲ್ಲವೂ ಒಂದೇ ಬಗೆಯವಲ್ಲ. ಇದನ್ನು ವಿಚಾರಿಸದೆ, ಬಡ ಸದಸ್ಯರ ಷೇರು ಹಣವನ್ನು ಮಳಿಗೆಯ ಬಾಡಿಗೆಗೆ ಕಟ್ಟಿಬಿಡುವ ರೈತರ ಸಂಘಗಳುಂಟು. ಎತ್ತು ಮಾರುವ ರೈತನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುವನೇ ಹೊರತು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗುವುದಿಲ್ಲ. ಆ ವಿವೇಕವು ಸಂಘದ ಸಭೆಯಲ್ಲಿ ಮಾತ್ರ ಏಕೆ ಮರೆಯಾಗುವುದೋ ತಿಳಿಯದು.

ನವಣೆ, ಸಾಮೆಗಳ ಅಕ್ಕಿಯನ್ನು ಮಾರುವ ಸಂಘವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ದಸರಾ ಪ್ರದರ್ಶನವು ವಾರಗಟ್ಟಲೆ ನಡೆಯುವುದು. ಸಾಯಂಕಾಲ ಸಂಸಾರ ಸಮೇತ ವಿನೋದಾರ್ಥವಾಗಿ ಬಂದವರು ಒಂದೆರಡು ಪೊಟ್ಟಣಗಳನ್ನು ಕೊಂಡಾರು, ಆದರೆ ಅಷ್ಟು ಕಾಲವೂ ಮಳಿಗೆಯಲ್ಲಿ ಆಳೊಬ್ಬನನ್ನು ಕೂರಿಸಬೇಕು. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಯುವ ಕೃಷಿ ಮೇಳಕ್ಕೆ ಬರುವವರಲ್ಲಿ ವ್ಯವಸಾಯಗಾರರೇ ಬಹಳ. ಬೀಜ, ಸಸಿ, ಉಪಕರಣಗಳನ್ನು ಮಾರುವವರಿಗೆ ಅದು ತಕ್ಕ ಸ್ಥಳ. ಬೆಂಗಳೂರಿನಲ್ಲಿ 2017ರಿಂದ ಇಲಾಖೆಯು ಏರ್ಪಡಿಸುತ್ತ ಬಂದಿರುವ ಸಾವಯವ ಮತ್ತು ಸಿರಿಧಾನ್ಯ ವಾಣಿಜ್ಯ ಮೇಳದಲ್ಲಾದರೋ ಸಗಟು ವರ್ತಕರೂ ದೊರೆಯುವರು. ಅವರು ಪೊಟ್ಟಣದ ಅಂದವನ್ನು ನೋಡುವುದಕ್ಕಿಂತ, ತಿಂಗಳಿಗೆ ಎಷ್ಟು ಟನ್ ಒದಗಿಸಬಲ್ಲಿರಿ, ಸಾವಯವ ಪ್ರಮಾಣಪತ್ರವೆಲ್ಲಿ ಎಂದು ಕೇಳುವರು. ಇದಕ್ಕೆ ಉತ್ತರವಿಲ್ಲದ ಸಂಘಕ್ಕೆ ಅಲ್ಲಿಯೂ ಮಳಿಗೆಯು ದಂಡವೇ ಸರಿ.

ಆದುದರಿಂದ ಹಿಂದಿನ ವರ್ಷವೇ ಸಂಘದ ಇಬ್ಬರು ಪ್ರೇಕ್ಷಕರಾಗಿ ಹೋಗಿ, ರಜಾದಿನವೊಂದು, ಕೆಲಸದ ದಿನವೊಂದು ನಿಂತು ನೋಡತಕ್ಕದ್ದು. ಲಕ್ಷ ಜನ ಬಂದರೆಂಬ ವ್ಯವಸ್ಥಾಪಕರ ಲೆಕ್ಕದಲ್ಲಿ ಕೈಚೀಲ ತುಂಬಿಕೊಂಡು ಹೋದವರೆಷ್ಟೆಂಬುದು ಕಾಣಿಸದು. ಅದೇ ಪದಾರ್ಥವನ್ನು ಮಾರುತ್ತಿರುವವರನ್ನು, ಮುಂದಿನ ವರ್ಷವೂ ಬರುವಿರಾ ಎಂದು ಕೇಳಿದರೆ ನಿಜಸ್ಥಿತಿಯು ಹೊರಬೀಳುವುದು. ಮೂರು ಮೀಟರು ಉದ್ದ, ಮೂರು ಮೀಟರು ಅಗಲದ ಮಳಿಗೆಗೆ ಹೇಳುವ ಬಾಡಿಗೆಯೊಂದೇ ಖರ್ಚಲ್ಲ. ತೆರಿಗೆ, ಹೆಚ್ಚಿನ ದೀಪ, ಲಾರಿ, ಊಟ ವಸತಿಗಳನ್ನೆಲ್ಲ ಕೂಡಿಸಿ, ಅಷ್ಟು ಹಣ ಹುಟ್ಟಲು ಎಷ್ಟು ಮೂಟೆ ಮಾರಬೇಕಾಗುವುದೆಂದು ಲೆಕ್ಕ ಹಾಕಬೇಕು. ಕಟ್ಟಿದ ಹಣವನ್ನು ಹಿಂದಿರುಗಿಸುವ ವಿಷಯದ ಷರತ್ತನ್ನು ಕಾರ್ಯದರ್ಶಿಯು ಸದಸ್ಯರ ಸಭೆಯಲ್ಲಿ ಗಟ್ಟಿಯಾಗಿ ಓದಿದ ಮೇಲೆಯೇ ಅರ್ಜಿಗೆ ರುಜು ಹಾಕತಕ್ಕದ್ದು.