ಗಾಡಿಗೆ ಲಕ್ಷಗಟ್ಟಲೆ ‘ಬಿಲ್ಡ್’, ಕಾಡೂರಿಗೆ ಅದೇ ಕೆಸರು ದಾರಿ: ಓವರ್‌ಲ್ಯಾಂಡಿಂಗ್ ಮಾತಾಡದ ರಾಜಕೀಯ

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಸಕಲೇಶಪುರ, ಚಿಕ್ಕಮಗಳೂರು, ಮಡಿಕೇರಿ ಕಡೆಗೆ ಹೊರಡುವ ವಾಹನಗಳನ್ನು ಒಮ್ಮೆ ಗಮನಿಸಿ. ಎತ್ತರಿಸಿದ ಥಾರ್, ದಪ್ಪ ಟೈರಿನ ಜಿಮ್ನಿ, ಛಾವಣಿ ಮೇಲೆ ಮಡಚಿಟ್ಟ ಟೆಂಟ್, ಮುಂದೆ ಕಬ್ಬಿಣದ ಬಂಪರ್, ಅದರ ನಡುವೆ ವಿಂಚ್, ಹಿಂದೆ ನೀರು ಮತ್ತು ಡೀಸೆಲ್ ಕ್ಯಾನು. ಇದಕ್ಕೆ ಓವರ್‌ಲ್ಯಾಂಡಿಂಗ್ ಅಂತ ಹೆಸರು. ಹೋಟೆಲ್ ಬುಕ್ ಮಾಡದೆ, ಅಡುಗೆ, ಹಾಸಿಗೆ, ರಿಪೇರಿ ಸಾಮಾನು ಎಲ್ಲವನ್ನೂ ಗಾಡಿಯಲ್ಲೇ ಹೊತ್ತು, ಡಾಂಬರು ಮುಗಿದ ಮೇಲೂ ಮುಂದೆ ಹೋಗಿ, ಅಲ್ಲೇ ಟೆಂಟ್ ಬಿಚ್ಚಿ ಮಲಗುವ ಪ್ರಯಾಣ.

ಈ ಹವ್ಯಾಸದ ಬಗ್ಗೆ ಈಗ ಎರಡೇ ಥರದ ಮಾತು ಕೇಳಿಸುತ್ತದೆ. ಒಂದು, ಯೂಟ್ಯೂಬಿನ ‘ಬಿಲ್ಡ್’ ವಿಡಿಯೋಗಳ ಸಂಭ್ರಮ. ಇನ್ನೊಂದು, ‘ಥಾರ್ ಇಟ್ಟುಕೊಂಡವರೆಲ್ಲ ಪುಂಡರು’ ಅನ್ನುವ ಮೀಮುಗಳು. ಎರಡರಲ್ಲೂ ಎರಡು ಮುಖ್ಯ ಪ್ರಶ್ನೆಗಳು ಕಾಣೆಯಾಗಿವೆ. ಗಾಡಿಗೆ ಏನು ಮಾಡಬಹುದು ಅನ್ನೋದನ್ನು ಯಾರು ತೀರ್ಮಾನಿಸಬೇಕು? ಆ ಗಾಡಿ ಎಲ್ಲಿಗೆ ಹೋಗಬಹುದು ಅನ್ನೋದನ್ನು ಯಾರು ತೀರ್ಮಾನಿಸಬೇಕು? ಮೊದಲನೆಯದಕ್ಕೆ ನಮ್ಮಲ್ಲಿ ಕಾನೂನು ಇದೆ, ಆದರೆ ಅಸ್ಪಷ್ಟ. ಎರಡನೆಯದಕ್ಕೆ ಉತ್ತರ ಕೊಡಬೇಕಾದ ಜನರನ್ನು ಯಾರೂ ಕೇಳುತ್ತಲೇ ಇಲ್ಲ.

ಕಾನೂನು ಹೇಳೋದೇನು?

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಸರಳವಾಗಿದೆ. ಕಂಪನಿ ತಯಾರಿಸಿದಾಗ ಇದ್ದ ವಿವರಗಳು ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ ಹೇಗಿವೆಯೋ ಅದಕ್ಕೆ ವಿರುದ್ಧವಾಗುವಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷ ಬಂದ ತಿದ್ದುಪಡಿ ಇನ್ನೂ ಬಿಗಿ. ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅದಕ್ಕೂ ಮೊದಲು, 2017ರ ಡಿಸೆಂಬರಿನಲ್ಲಿ, ಬುಲ್‌ಬಾರ್ ಹಾಕಿಸಿದವರ ಮೇಲೆ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದಿತ್ತು.

ಇದಕ್ಕೆ ಕಾರಣ ಇಲ್ಲದೆ ಇಲ್ಲ. ಡಿಕ್ಕಿಯಾದಾಗ ಪಾದಚಾರಿಗೆ ಕಬ್ಬಿಣದ ಬಾರ್ ಮಾಡುವ ಗಾಯ ದೊಡ್ಡದು. ಒಳಗೆ ಕೂತವರಿಗೂ ಅಪಾಯವೇ. ಮುಂಭಾಗ ಕುಸಿದು ಹೊಡೆತ ಹೀರಿಕೊಳ್ಳುವ ಲೆಕ್ಕದ ಮೇಲೆ ಏರ್‌ಬ್ಯಾಗ್ ಕೆಲಸ ಮಾಡುತ್ತದೆ, ಆ ಲೆಕ್ಕವನ್ನೇ ಬಾರ್ ಕೆಡಿಸುತ್ತದೆ. ಹೆಡ್‌ಲೈಟ್ ಮೇಲೆ ಕೂರಿಸಿದ ಎಲ್‌ಇಡಿ ಪಟ್ಟಿ ಎದುರಿನ ಬೈಕ್ ಸವಾರನಿಗೆ ಕಣ್ಣೇ ಕಾಣದಂತೆ ಮಾಡುತ್ತದೆ. ಇವುಗಳನ್ನು ‘ನನ್ನ ಗಾಡಿ, ನನ್ನಿಷ್ಟ’ ಅಂತ ಸಮರ್ಥಿಸಿಕೊಳ್ಳೋಕೆ ಆಗಲ್ಲ.

ಆದರೆ ಇನ್ನೊಂದು ಬದಿ ನೋಡಿ. ಈ ಎಲ್ಲ ಸಾಮಾನು ಅಂಗಡಿಯಲ್ಲಿ ಬಹಿರಂಗವಾಗಿ, ಜಿಎಸ್‌ಟಿ ಬಿಲ್ಲಿನ ಸಮೇತ ಮಾರಾಟವಾಗುತ್ತದೆ. ಮಾರುವಾಗ ಸರ್ಕಾರಕ್ಕೆ ತೆರಿಗೆ, ಹಾಕಿಸಿಕೊಂಡು ರಸ್ತೆಗಿಳಿದರೆ ದಂಡ. ಎರಡು ಇಂಚು ಎತ್ತರಿಸಿದ ಸಸ್ಪೆನ್ಶನ್ ತಪ್ಪೇ? ಎಳೆದು ತೆಗೆಯಲು ಬೇಕಾಗುವ ಕೊಕ್ಕೆ? ಛಾವಣಿಯ ಕ್ಯಾರಿಯರ್? ಒಬ್ಬೊಬ್ಬ ಅಧಿಕಾರಿ ಒಂದೊಂದು ಉತ್ತರ ಕೊಡುವಂಥ ಸ್ಥಿತಿ ಇದ್ದಾಗ ನಿಯಮಕ್ಕಿಂತ ಚೌಕಾಸಿಗೇ ಜಾಗ ಜಾಸ್ತಿ. ಅದರ ಹೊರೆ ಬೀಳೋದು ಯಾರ ಮೇಲೆ? ಫೋನ್ ಮಾಡಿಸಬಲ್ಲವರ ಮೇಲಂತೂ ಅಲ್ಲ.

ಆಸ್ಟ್ರೇಲಿಯಾದಲ್ಲಿ ಲಘು ವಾಹನಗಳ ಮಾರ್ಪಾಡಿಗೆ ಪ್ರಕಟಿತ ರಾಷ್ಟ್ರೀಯ ಸಂಹಿತೆಯೇ ಇದೆ. ಇಂಥ ಕೆಲಸ ಸಣ್ಣದು, ಇಂಥದ್ದಕ್ಕೆ ಎಂಜಿನಿಯರ್ ಪ್ರಮಾಣಪತ್ರ ಬೇಕು ಅಂತ ಬರೆದಿಟ್ಟಿದ್ದಾರೆ. ವಾಹನದ ಒಟ್ಟು ತೂಕದ ಮಿತಿಯನ್ನು ಪರೀಕ್ಷೆ, ಪ್ರಮಾಣಪತ್ರದ ಮೂಲಕ ಕಾನೂನುಬದ್ಧವಾಗಿ ಹೆಚ್ಚಿಸಿಕೊಳ್ಳುವ ದಾರಿಯೂ ಇದೆ. ನಮ್ಮಲ್ಲೂ ಸಿಎನ್‌ಜಿ ಕಿಟ್‌ಗೆ, ಅಂಗವಿಕಲರಿಗಾಗಿ ಮಾರ್ಪಡಿಸಿದ ವಾಹನಗಳಿಗೆ ಕಾಯ್ದೆಯೇ ಅವಕಾಶ ಕೊಟ್ಟಿದೆ. ಅಂದರೆ ವ್ಯವಸ್ಥೆ ಕಟ್ಟೋದು ಅಸಾಧ್ಯವಲ್ಲ, ಕಟ್ಟಿಲ್ಲ ಅಷ್ಟೇ.

ತೂಕದ ಲೆಕ್ಕ

ಕಾನೂನು ಪಕ್ಕಕ್ಕಿಡಿ. ಬಿಲ್ಡ್ ವಿಡಿಯೋಗಳು ಹೇಳದ ಒಂದು ಸರಳ ಲೆಕ್ಕ ಇದೆ. ಐದು ಬಾಗಿಲಿನ ಜಿಮ್ನಿಯ ಖಾಲಿ ತೂಕ ಸುಮಾರು 1,200 ಕೆ.ಜಿ. ಎಲ್ಲ ಸೇರಿ ಅದು ಹೊರಬಹುದಾದ ಗರಿಷ್ಠ ತೂಕ 1,545 ಕೆ.ಜಿ. ಅಂದರೆ ಜನ, ಸಾಮಾನು, ಹೊಸದಾಗಿ ಹಾಕಿಸಿದ ಬಿಡಿಭಾಗ ಎಲ್ಲ ಸೇರಿ ಹೆಚ್ಚುಕಡಿಮೆ 345 ಕೆ.ಜಿ. ಮಾತ್ರ.

ಈಗ ಇಬ್ಬರು ಹೊರಡುತ್ತಾರೆ ಅಂದುಕೊಳ್ಳಿ, 140 ಕೆ.ಜಿ. ಕಬ್ಬಿಣದ ಬಂಪರ್ ಮತ್ತು ವಿಂಚ್ ಸೇರಿ ಸುಮಾರು 70. ಛಾವಣಿ ಟೆಂಟ್ 55, ಅದನ್ನು ಕೂರಿಸುವ ರ‍್ಯಾಕ್ 25. ಎರಡನೇ ಬ್ಯಾಟರಿ 20, ಸಾಮಾನು ತುಂಬಿದ ಫ್ರಿಜ್ 25, ನೀರು 20 ಲೀಟರ್ ಅಂದರೆ 20 ಕೆ.ಜಿ. ಅಲ್ಲಿಗೇ 355 ಆಯ್ತು. ಇನ್ನೂ ಸ್ಟೌ, ಪಾತ್ರೆ, ಹಾಸಿಗೆ, ಬಟ್ಟೆ, ಉಪಕರಣ ಹತ್ತಿಸಿಲ್ಲ. ಹಿಂದಿನ ಸೀಟಿನಲ್ಲಿ ಯಾರೂ ಕೂತಿಲ್ಲ.

ಮಿತಿ ಮೀರಿದ ತೂಕ ಅಂದರೆ ಬರೀ ಮೈಲೇಜ್ ಕಡಿಮೆಯಾಗೋದಲ್ಲ. ಘಾಟಿ ಇಳಿಯುವಾಗ ಬ್ರೇಕ್ ಬೇಗ ಕಾಯುತ್ತದೆ. ಛಾವಣಿ ಮೇಲಿನ 80 ಕೆ.ಜಿ. ಗಾಡಿಯ ಗುರುತ್ವ ಕೇಂದ್ರವನ್ನು ಎತ್ತರಿಸುತ್ತದೆ, ಓರೆಯಾದ ಇಳಿಜಾರಿನಲ್ಲಿ ಮಗುಚುವ ಸಾಧ್ಯತೆ ಹೆಚ್ಚುತ್ತದೆ. ದೊಡ್ಡ ಟೈರ್ ಹಾಕಿದರೆ ಎಂಜಿನ್ ಅದನ್ನು ತಿರುಗಿಸಲೂ, ಬ್ರೇಕ್ ಅದನ್ನು ನಿಲ್ಲಿಸಲೂ ಹೆಚ್ಚು ಒದ್ದಾಡಬೇಕು. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಅಪಘಾತವಾದರೆ, ತಿಳಿಸದೆ ಮಾಡಿಸಿದ ಮಾರ್ಪಾಡನ್ನು ಮುಂದಿಟ್ಟು ವಿಮಾ ಕಂಪನಿ ತಕರಾರು ತೆಗೆಯಬಹುದು.

ಹಾಗಾದರೆ ನಿಜವಾಗಿ ಬೇಕಾಗೋದೇನು? ಗಾಡಿಯ ಅಳತೆಗೆ ಹೊಂದುವ ಒಳ್ಳೆಯ ಆಲ್-ಟೆರೇನ್ ಟೈರ್. ಗಾಳಿಯ ಒತ್ತಡ ನೋಡುವ ಮೀಟರ್ ಮತ್ತು ಸಣ್ಣ ಕಂಪ್ರೆಸರ್. ಕೆಸರಿನಲ್ಲಿ ಟೈರಿನ ಗಾಳಿಯನ್ನು 30 ಪಿಎಸ್‌ಐಯಿಂದ 20ರ ಆಸುಪಾಸಿಗೆ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ, ಡಾಂಬರು ಸಿಕ್ಕ ಮೇಲೆ ಮತ್ತೆ ತುಂಬಿಸಬೇಕು. ಎಷ್ಟೋ ಕಡೆ ವಿಂಚ್ ಮಾಡುವ ಕೆಲಸ ಇಷ್ಟರಲ್ಲೇ ಆಗುತ್ತದೆ. ಜೊತೆಗೆ ಎಳೆಯುವ ಹಗ್ಗ, ಶ್ಯಾಕಲ್, ಒಂದು ಸಲಿಕೆ. ನೆಲದ ಮೇಲೆ ಹಾಕುವ ಮಾಮೂಲಿ ಟೆಂಟ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಇವುಗಳಲ್ಲಿ ಯಾವುದಕ್ಕೂ ಆರ್‌ಸಿ ಬದಲಾಯಿಸಬೇಕಾಗಿಲ್ಲ. ವಿಂಚ್ ಇದ್ದವರು ಅದರ ಕೇಬಲ್ಲನ್ನು ನೇರ ಮರಕ್ಕೆ ಸುತ್ತಬಾರದು, ತೊಗಟೆ ಕತ್ತರಿಸಿ ಹೋಗುತ್ತದೆ. ಅದಕ್ಕೆಂದೇ ಅಗಲವಾದ ಪಟ್ಟಿ ಸಿಗುತ್ತದೆ.

ನಮ್ಮ ಮಲೆನಾಡಿನಲ್ಲಿ ಇದಕ್ಕೆ ಹಳೆಯ ಪುರಾವೆ ಇದೆ. ಕೊಡಚಾದ್ರಿ ಹತ್ತುವ, ಮಾಂದಲಪಟ್ಟಿಗೆ ಹೋಗುವ ಬಾಡಿಗೆ ಜೀಪುಗಳನ್ನು ನೋಡಿ. ಫ್ರಿಜ್ ಇಲ್ಲ, ಛಾವಣಿ ಟೆಂಟ್ ಇಲ್ಲ. ದಿನಾ ಅದೇ ಕಲ್ಲುದಾರಿ ಹತ್ತಿಳಿಯುತ್ತವೆ. ಅಲ್ಲಿ ಕೆಲಸ ಮಾಡೋದು ಚಾಲಕನ ಕೈ ಮತ್ತು ದಾರಿಯ ಪರಿಚಯ.

ಈ ದಾರಿ ಯಾರದು?

ಇನ್ನು ಎರಡನೇ ಪ್ರಶ್ನೆ. ‘ಯಾರಿಗೂ ಗೊತ್ತಿಲ್ಲದ ಟ್ರೇಲ್’ ಅಂತ ಜಿಪಿಎಸ್ ಗುರುತಿನ ಸಮೇತ ಹಂಚುವ ದಾರಿ ನಿಜಕ್ಕೂ ಯಾರಿಗೂ ಗೊತ್ತಿಲ್ಲದ್ದಾ? ಕರ್ನಾಟಕದಲ್ಲಿ ಅಂಥ ದಾರಿ ಬಹುತೇಕ ಇಲ್ಲ. ಅದು ಯಾರದೋ ತೋಟಕ್ಕೆ ಹೋಗುವ ದಾರಿ, ದನ ಮೇಯುವ ಗೋಮಾಳ, ಶಾಲೆಗೆ ಮಕ್ಕಳು ನಡೆದು ಬರುವ ದಾರಿ. ಮಳೆಗಾಲದಲ್ಲಿ ಹತ್ತು ಗಾಡಿ ಹಾದರೆ ಚಕ್ರದ ಗುರುತು ಕಾಲುವೆಯಾಗುತ್ತದೆ, ನೀರು ಅದರಲ್ಲೇ ಹರಿದು ಮಣ್ಣು ಕೊಚ್ಚುತ್ತದೆ. ಮರುದಿನ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವ ಬೈಕು ಅಲ್ಲಿ ಜಾರುತ್ತದೆ. ಬೆಟ್ಟದ ಹುಲ್ಲುಗಾವಲಂತೂ ಒಮ್ಮೆ ಕಿತ್ತರೆ ಬೇಗ ಚೇತರಿಸಿಕೊಳ್ಳುವಂಥದ್ದಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಚಿತ್ರ ಇಟ್ಟು ನೋಡಬೇಕು. 2024ರ ಏಪ್ರಿಲ್ 26, ಲೋಕಸಭಾ ಚುನಾವಣೆಯ ದಿನ. ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಇಂಡಿಗನತ್ತದಲ್ಲಿ ಜನ ಮತದಾನ ಬಹಿಷ್ಕರಿಸಿದ್ದರು. ಅವರ ಬೇಡಿಕೆ ರಸ್ತೆ, ನೀರು, ವಿದ್ಯುತ್. ಮತ ಹಾಕಿಸುವ ಪ್ರಯತ್ನ ಗಲಾಟೆಗೆ ತಿರುಗಿ ಮತಗಟ್ಟೆ ಧ್ವಂಸವಾಯಿತು, ಮೂರು ದಿನ ಬಿಟ್ಟು ಮರುಮತದಾನ ನಡೆಸಬೇಕಾಯಿತು. ಆ ಭಾಗದ ಕಾಡೂರುಗಳಲ್ಲಿ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿ ನಾವು ಮತ್ತೆ ಮತ್ತೆ ಓದಿದ್ದೇವೆ. ಬಸ್ಸೇ ಬಾರದ ಊರುಗಳಿಗೆ ಅರಣ್ಯ ಇಲಾಖೆ ‘ಜನ-ವನ’ ಹೆಸರಿನಲ್ಲಿ ಜೀಪು ಓಡಿಸಬೇಕಾಗಿ ಬಂದದ್ದೂ ಅಲ್ಲೇ.

ಫೋರ್ ವೀಲ್ ಡ್ರೈವ್ ಗಾಡಿ ನಗರದಲ್ಲಿರುವ ನಮಗೆ ವಾರಾಂತ್ಯದ ಖುಷಿ. ಇವರಿಗೆ ಅದು ಹೆರಿಗೆ ನೋವು ಬಂದಾಗ ಸಿಗಬೇಕಾದ ಆಂಬುಲೆನ್ಸ್. ಇವರೂರಿಗೆ ರಸ್ತೆ ಕೇಳಿದರೆ ‘ಅರಣ್ಯ ಕಾನೂನು ಅಡ್ಡ ಬರುತ್ತೆ’ ಅನ್ನುವ ಉತ್ತರ ಸಿಗುತ್ತದೆ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೇ ರಸ್ತೆ, ಶಾಲೆ, ಆಸ್ಪತ್ರೆಯಂಥ ಸೌಲಭ್ಯಗಳಿಗೆ, ಗ್ರಾಮಸಭೆ ಶಿಫಾರಸು ಮಾಡಿದರೆ, ಪ್ರತಿ ಪ್ರಕರಣದಲ್ಲಿ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಲು ಅವಕಾಶ ಇದೆ. ಅದೇ ಕಾಯ್ದೆ ಕಾಡು, ಜಲಮೂಲ, ವನ್ಯಜೀವಿಗಳನ್ನು ಕಾಪಾಡುವ ಅಧಿಕಾರವನ್ನೂ ಗ್ರಾಮಸಭೆಗೆ ಕೊಟ್ಟಿದೆ. ದಾರಿ ಬೇಕು ಅನ್ನುವ ಹಕ್ಕು, ಇಲ್ಲಿ ಬರಬೇಡಿ ಅನ್ನುವ ಹಕ್ಕು, ಎರಡೂ ಆ ಊರಿನವರದ್ದು.

‘ನಾವೂ ತೆರಿಗೆ ಕಟ್ಟಿದ್ದೀವಿ, ನೆಲ ನಮ್ಮದೂ ಹೌದು’ ಅನ್ನೋದು ಹವ್ಯಾಸಿಗಳ ವಾದ. ನಿಜ, ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ನಮ್ಮ ರಾಜ್ಯದಲ್ಲಿ ಶೇ. 17ರಷ್ಟು ಜೀವಾವಧಿ ತೆರಿಗೆ ಇದೆ, ಸಣ್ಣ ಮೊತ್ತವಲ್ಲ. ಆದರೆ ಆ ತೆರಿಗೆ ಕೊಡೋದು ರಸ್ತೆ ಬಳಸುವ ಹಕ್ಕನ್ನು. ಹುಲ್ಲುಗಾವಲು, ಹಳ್ಳದ ಪಾತ್ರ, ಊರಿನ ಗೋಮಾಳ ಅದರಲ್ಲಿ ಸೇರಿಲ್ಲ. ಓವರ್‌ಲ್ಯಾಂಡಿಂಗ್ ಬೆಳೆದ ಆಸ್ಟ್ರೇಲಿಯಾದಲ್ಲೇ ಮೂಲನಿವಾಸಿಗಳ ನೆಲದ ಮೂಲಕ ಹೋಗುವ ಹಲವು ಮರುಭೂಮಿ ದಾರಿಗಳಿಗೆ ಮೊದಲೇ ಪರವಾನಗಿ ಪಡೆಯಬೇಕು. ಅಲ್ಲಿಂದ ಛಾವಣಿ ಟೆಂಟನ್ನು ತಂದುಕೊಂಡ ನಾವು ಪರವಾನಗಿ ಕೇಳುವ ಪದ್ಧತಿಯನ್ನು ಮಾತ್ರ ಅಲ್ಲೇ ಬಿಟ್ಟು ಬಂದೆವು.

ನಿಷೇಧ ಒಂದೇ ಉತ್ತರವೇ?

ಸರ್ಕಾರಕ್ಕೆ ಸುಲಭವಾಗಿ ಹೊಳೆಯೋದು ನಿಷೇಧ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ಆದದ್ದೂ ಅದೇ. ಮೊದಲು ತಡೆ, ಆಮೇಲೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿ. ಆ ಮಿತಿ ಬೇಕಿತ್ತು, ತಪ್ಪೇನಿಲ್ಲ. ಆದರೆ ಗಾಡಿ ತಗೊಂಡು ಬಂದು ಟೆಂಟ್ ಹಾಕುವವರಿಗೆ ಎಲ್ಲಿ ಹಾಕಬಹುದು ಅಂತ ಹೇಳುವ ವ್ಯವಸ್ಥೆ ಇಲ್ಲದಿದ್ದರೆ ಅವರು ಎಸ್ಟೇಟ್, ರೆಸಾರ್ಟುಗಳ ಖಾಸಗಿ ‘ಅಡ್ವೆಂಚರ್’ ಪ್ಯಾಕೇಜಿಗೆ ಹೋಗುತ್ತಾರೆ, ಇಲ್ಲವೇ ಕದ್ದು ನುಗ್ಗುತ್ತಾರೆ. ಎರಡರಲ್ಲೂ ಊರಿನವರಿಗೆ ಬಿಡಿಗಾಸಿಲ್ಲ, ಉಳಿಯೋದು ಕಸ ಮಾತ್ರ.

ಇದಕ್ಕೆ ಮೂರು ಕೆಲಸ ಆಗಬೇಕು. ಒಂದು, ಸಾರಿಗೆ ಇಲಾಖೆ ಯಾವ ಮಾರ್ಪಾಡು ಸಲ್ಲುತ್ತದೆ, ಯಾವುದು ಸಲ್ಲದು, ಯಾವುದಕ್ಕೆ ತಪಾಸಣೆ ಬೇಕು ಅನ್ನುವ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಬೇಕು. ನಿಷೇಧಿತ ವಸ್ತು ಹಾಕಿಸಿದವರನ್ನಷ್ಟೇ ಅಲ್ಲ, ಮಾರಿದವರನ್ನೂ ಕೇಳಬೇಕು. ಎರಡು, ಕ್ಯಾಂಪಿಂಗ್ ಜಾಗಗಳನ್ನು ಗ್ರಾಮ ಪಂಚಾಯಿತಿಗಳೇ ಗುರುತಿಸಲಿ. ಶೌಚಾಲಯ, ನೀರು, ಕಸದ ವ್ಯವಸ್ಥೆಗೆ ಶುಲ್ಕ ಪಡೆಯಲಿ. ಗ್ರಾಮಸಭೆ ಒಪ್ಪದ ಕಡೆ, ಮಳೆಗಾಲದಲ್ಲಿ, ಹಳ್ಳದ ಪಾತ್ರದಲ್ಲಿ ಗಾಡಿಗೆ ಪ್ರವೇಶ ಬೇಡ. ಮೂರು, ಆ ಶುಲ್ಕದ ಹಣ ಮೊದಲು ಹೋಗಬೇಕಾದದ್ದು ಅದೇ ಊರಿನ ದಾರಿಗೆ.

ಸರ್ಕಾರ ಇದನ್ನು ಮಾಡುವವರೆಗೆ ಕಾಯಬೇಕಾಗಿಲ್ಲ. ನೀವು ಗಾಡಿ ಕಟ್ಟಿಸುವ ಯೋಚನೆಯಲ್ಲಿದ್ದರೆ ಮೊದಲು ತುಂಬಿದ ಗಾಡಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ನೋಡಿ. ಬಂಪರಿಗೆ ಎತ್ತಿಟ್ಟ ದುಡ್ಡಲ್ಲಿ ಒಳ್ಳೆ ಟೈರ್ ಹಾಕಿಸಿ. ಊರಿಗೆ ಹೋದಾಗ ಪಂಚಾಯಿತಿ ಕಚೇರಿಯಲ್ಲೋ ಚಹಾದಂಗಡಿಯಲ್ಲೋ ಐದು ನಿಮಿಷ ನಿಂತು, ‘ಈ ದಾರೀಲಿ ಹೋಗಬಹುದಾ, ಎಲ್ಲಿ ಮಲಗಬಹುದು’ ಅಂತ ಕೇಳಿ. ಬೇಡ ಅಂದರೆ ವಾಪಸ್ ತಿರುಗಿಸಿ. ಹೋಗಿ ಅಂದರೆ, ಆ ದಾರಿ ಯಾಕೆ ಇನ್ನೂ ಹೀಗೇ ಇದೆ ಅಂತಲೂ ಕೇಳಿ. ವಾಪಸ್ ಬಂದ ಮೇಲೆ ಹಾಕುವ ವಿಡಿಯೋದಲ್ಲಿ ಅವರು ಕೊಟ್ಟ ಉತ್ತರಕ್ಕೂ ಒಂದು ನಿಮಿಷ ಇಡಿ.