ಸೋರಿತೋ, ಸೋರಿಸಿದರೋ?

ಕಳೆದ ವಾರ ತಂಗಿಯ ಮೊಮ್ಮಗಳು ಇಂಗ್ಲಿಷ್ ಗೈಡೊಂದನ್ನು ತಂದು ನನ್ನ ಮುಂದಿಟ್ಟಳು. ಲೀಕ್, ಊಜ್, ಸೀಪ್, ಟ್ರಿಕಲ್, ಡ್ರಿಪ್ ಎಂಬ ಐದು ಕ್ರಿಯಾಪದಗಳು. ಐದರ ಎದುರಿಗೂ ಅಚ್ಚಾಗಿದ್ದ ಅರ್ಥ ಒಂದೇ: ‘ಸೋರು’. “ಎಲ್ಲಾ ಒಂದೇ ಆದರೆ ಐದನ್ನೂ ಯಾಕೆ ಕಲೀಬೇಕು ಅಜ್ಜಾ?” ಎಂದಳು. ಆ ಪ್ರಶ್ನೆಗೆ ಉತ್ತರ ಹೇಳಹೊರಟು ನಾನು ಬೇರೊಂದು ಜಗಳಕ್ಕೆ ಬಂದು ನಿಂತಿದ್ದೇನೆ.

ಐದೂ ಒಂದೇ ಅಲ್ಲ. ತೂತಾದ ಕೊಡದಿಂದ ನೀರು ಸೋರುವುದು ಲೀಕ್. ಜಾಲಿಮರದ ಅಂಟಿನಂತೆ, ಹುಣ್ಣಿನ ಕೀವಿನಂತೆ ಮಂದವಾದದ್ದು ಒಳಗಿನಿಂದ ಒಸರುವುದು ಊಜ್. ರಸ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದವೊಂದು ಅದರ ಮೂಲ. ಬಾವಿಯ ಕಲ್ಲುಸಂದಿಯಲ್ಲಿ ಜಿನುಗುವುದು ಸೀಪ್. ಕೆನ್ನೆಯ ಮೇಲೆ ಕಣ್ಣೀರು ಸಣ್ಣ ಗೆರೆಯಾಗಿ ಇಳಿಯುವುದು ಟ್ರಿಕಲ್. ಸೂರಿನಿಂದ ತೊಟ್ಟಿಕ್ಕುವುದು ಡ್ರಿಪ್. ಲಾಕ್ಷಣಿಕ ಪ್ರಯೋಗದಲ್ಲಿಯೂ ಈ ಭೇದ ಉಳಿಯುತ್ತದೆ. ಆತ್ಮವಿಶ್ವಾಸ ಒಳಗಿನಿಂದ ಬರುವುದರಿಂದ ಅದಕ್ಕೆ ಊಜ್. ಸಂಶಯ ಅರಿವಿಲ್ಲದೆ ಮನಸ್ಸನ್ನು ಹೊಕ್ಕುವುದರಿಂದ ಅದಕ್ಕೆ ಸೀಪ್. ಸಭೆಗೆ ಒಬ್ಬೊಬ್ಬರಾಗಿ ಬಂದು ಸೇರುವ ಜನರಿಗೆ ಟ್ರಿಕಲ್.

ನನ್ನ ತಕರಾರು ಇರುವುದು ಇಲ್ಲಿಂದ ಮುಂದೆ. ನೀರು ಹರಿಯಲು ಯಾರೂ ಬೇಕಿಲ್ಲ. ಒಂದು ಬಿರುಕು, ಒಂದು ಇಳಿಜಾರು ಇದ್ದರೆ ಸಾಕು. ಆದರೆ ಮನುಷ್ಯರು ಮಾಡಿದ ಕೆಲಸಕ್ಕೆ ಈ ಕ್ರಿಯಾಪದಗಳನ್ನು ತೊಡಿಸಿದಾಗ ಮಾಡಿದವನು ವಾಕ್ಯದಿಂದಲೇ ಕಾಣೆಯಾಗುತ್ತಾನೆ.

ಸಿರಿವಂತರಿಗೆ ಅನುಕೂಲ ಮಾಡಿಕೊಟ್ಟರೆ ಸಂಪತ್ತು ತಾನಾಗಿ ಬಡವರತ್ತ ಇಳಿಯುತ್ತದೆಂಬ ವಾದವನ್ನು ‘ಟ್ರಿಕಲ್ ಡೌನ್’ ಎನ್ನುತ್ತಾರೆ. 1896ರಲ್ಲಿ ಅಮೆರಿಕದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಇಂಥದೇ ವಾದವನ್ನು ಖಂಡಿಸುವಾಗ ಬಳಸಿದ್ದು ಲೀಕ್ ಎಂಬ ಕ್ರಿಯಾಪದವನ್ನು. 1932ರಲ್ಲಿ ಹಾಸ್ಯಗಾರ ವಿಲ್ ರೋಜರ್ಸ್ ಅಧ್ಯಕ್ಷ ಹೂವರ್ ಅವರನ್ನು ಗೇಲಿ ಮಾಡಿದರು: ಎಂಜಿನಿಯರ್ ಆಗಿದ್ದ ಅವರಿಗೆ ನೀರು ಕೆಳಕ್ಕೆ ಇಳಿಯುವುದು ಗೊತ್ತಿತ್ತು, ಹಣ ಮೇಲಕ್ಕೆ ಏರುವುದು ಗೊತ್ತಿರಲಿಲ್ಲ ಎಂದು. ಆ ನಗೆಯಲ್ಲಿ ಸತ್ಯವಿದೆ. ಹಣಕ್ಕೆ ಭೂಮಿಯ ಸೆಳೆತವಿಲ್ಲ. ಕೂಲಿ ಎಷ್ಟು, ತೆರಿಗೆ ಯಾರಿಗೆ ಎಂದು ನಿರ್ಧರಿಸುವವರು ಮನುಷ್ಯರು.

ನಮ್ಮಲ್ಲಿಯೂ ಹೀಗೆಯೇ. ಬಡವರಿಗೆಂದು ವೆಚ್ಚ ಮಾಡಿದ ರೂಪಾಯಿಯಲ್ಲಿ ಅವರನ್ನು ತಲುಪುವುದು 15 ಪೈಸೆ ಎಂಬ ಅರ್ಥದ ಮಾತನ್ನು 1985ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಆಡಿದರು. ನಡುವೆ ಕಳವಾದುದಕ್ಕೆ ವರದಿಗಳ ಇಂಗ್ಲಿಷಿನಲ್ಲಿ ‘ಲೀಕೇಜ್’ ಎಂಬ ಸೌಮ್ಯವಾದ ಹೆಸರಿದೆ. ಪಡಿತರದ ಅಕ್ಕಿಯ ಮೂಟೆ ಸೋರುವುದಿಲ್ಲ. ಅದನ್ನು ಯಾರೋ ಹೆಗಲ ಮೇಲೆ ಹೊತ್ತು ಒಯ್ಯುತ್ತಾರೆ.

ಅಧ್ಯಾಪಕನಾದ ನನ್ನನ್ನು ಹೆಚ್ಚು ನೋಯಿಸಿದ್ದು 2016ರ ಸಂಗತಿ. ಆ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಬಾರಿ ಬಯಲಾಯಿತು. ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷೆ ನಡೆಯಿತು. ರಾತ್ರಿಯೆಲ್ಲ ಓದಿದ ಮಕ್ಕಳು ಮತ್ತೆ ಮತ್ತೆ ಅದೇ ಪುಸ್ತಕ ಹಿಡಿದು ಕುಳಿತರು. ‘ಪ್ರಶ್ನೆಪತ್ರಿಕೆ ಸೋರಿಕೆ’ ಎಂಬ ಶೀರ್ಷಿಕೆ ಆಗಲೂ ಇತ್ತು, ಇಂಥ ಸುದ್ದಿ ಬಂದಾಗಲೆಲ್ಲ ಈಗಲೂ ಇರುತ್ತದೆ. ಬೀಗ ಹಾಕಿ ಮೊಹರು ಒತ್ತಿದ ಲಕೋಟೆಗೆ ಸೋರುವ ಗುಣ ಎಲ್ಲಿಂದ ಬಂತು?

ಇಂಗ್ಲಿಷಿನವರಿಗೆ ಒಂದು ನೆಪವಾದರೂ ಉಂಟು. ಅವರ ಲೀಕ್ ಅಕರ್ಮಕವೂ ಹೌದು, ಸಕರ್ಮಕವೂ ಹೌದು, ರೂಪ ಒಂದೇ. ಕನ್ನಡಕ್ಕೆ ಆ ನೆಪವಿಲ್ಲ. ‘ಇಸು’ ಪ್ರತ್ಯಯ ಹಚ್ಚಿ ಪ್ರೇರಣಾರ್ಥಕ ಮಾಡುವುದನ್ನು ನಿಮಗೆಲ್ಲ ಕಲಿಸಿದ್ದಾರೆ: ಓಡು–ಓಡಿಸು, ಸೋರು–ಸೋರಿಸು. ಕೊಡ ಸೋರುತ್ತದೆ, ಪ್ರಶ್ನೆಪತ್ರಿಕೆಯನ್ನು ಸೋರಿಸುತ್ತಾರೆ. ‘ಸೋರಿಸಿದರು’ ಎಂದೊಡನೆ ‘ಯಾರು?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಇಂಥ ಹತಾರವನ್ನು ಮನೆಯಲ್ಲಿಟ್ಟುಕೊಂಡು ನಾವು ‘ಸೋರಿಕೆ’ ಎಂಬ ನಾಮಪದದ ಹಿಂದೆ ಅಡಗಿದ್ದೇವೆ.

ಕಳ್ಳನನ್ನು ಹಿಡಿಯುವುದು ಪೊಲೀಸರ ಕೆಲಸ, ವ್ಯಾಕರಣದ್ದಲ್ಲ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಒಪ್ಪುತ್ತೇನೆ. ಆದರೆ ಹತ್ತಾರು ಬಾರಿ ‘ಸೋರಿಕೆ’ ಎಂದು ಓದಿದವನು ಅದನ್ನು ಮಳೆಗಾಲದ ಮಾಡಿನಂತೆ ಸಹಜವೆಂದು ಬಗೆದು, ಕೆಳಗೊಂದು ಪಾತ್ರೆಯಿಟ್ಟು ಸುಮ್ಮನಾಗುತ್ತಾನೆ. ಕೇಳುವವರಿಲ್ಲದ ಪ್ರಶ್ನೆಗೆ ಪೊಲೀಸರೂ ಉತ್ತರ ಹುಡುಕುವುದಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಪತ್ರಿಕೆಗಳಲ್ಲಿ ದುಡಿಯುವವರಿದ್ದೀರಿ, ಕಚೇರಿಗಳಲ್ಲಿ ಟಿಪ್ಪಣಿ ಬರೆಯುವವರಿದ್ದೀರಿ. ಹೆಸರು ಗೊತ್ತಿಲ್ಲದಿದ್ದರೆ ‘ಯಾರೋ ಸೋರಿಸಿದ್ದಾರೆ’ ಎಂದಾದರೂ ಬರೆಯಿರಿ. ಆ ‘ಯಾರೋ’ ಇರುವಷ್ಟು ಕಾಲ ಓದುಗ ಕಾಯುತ್ತಿರುತ್ತಾನೆ.

ಮೊಮ್ಮಗಳ ಗೈಡಿನಲ್ಲಿ ನಾಲ್ಕು ಅರ್ಥಗಳನ್ನು ಪೆನ್ಸಿಲಿನಿಂದ ತಿದ್ದಿ ಕೊಟ್ಟಿದ್ದೇನೆ. ಲೀಕ್ ಎದುರಿನ ‘ಸೋರು’ ಹಾಗೆಯೇ ಇದೆ. ಅದರ ಪಕ್ಕದಲ್ಲಿ ‘ಸೋರಿಸು’ ಎಂದು ಸೇರಿಸಿದ್ದೇನೆ.